ಖರ್ಚಿನ ಮಾತೂ ಚಿಕಿತ್ಸೆಯ ಭಾಗ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಖಾಸಗಿ ಕ್ಲಿನಿಕ್ ನಡೆಸುತ್ತೇನೆ. ತೆಂಗು, ರಾಗಿ, ಹೈನು ನಂಬಿ ಬದುಕುವ ಊರುಗಳ ಜನ ನನ್ನ ರೋಗಿಗಳು. ಬರುವ ಕಾಯಿಲೆಗಳು ಎಲ್ಲ ಕಡೆಯವೇ: ಜ್ವರ, ಕೆಮ್ಮು, ವಾಂತಿ-ಭೇದಿ, ಬಿಪಿ, ಶುಗರ್, ರಕ್ತಹೀನತೆ, ಮಂಡಿನೋವು, ಸೊಂಟನೋವು, ಎದೆಯುರಿ. ಇವುಗಳಲ್ಲಿ ಹೆಚ್ಚಿನವಕ್ಕೆ ದುಬಾರಿ ಚಿಕಿತ್ಸೆ ಬೇಕಿಲ್ಲ. ಆದರೂ ಇವೇ ಕಾಯಿಲೆಗಳಿಗಾಗಿ ಹಸು ಮಾರಿದವರನ್ನು, ಒಡವೆ ಅಡವಿಟ್ಟವರನ್ನು, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದವರನ್ನು ಕಂಡಿದ್ದೇನೆ.

2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹೆರಿಗೆ ಬಿಟ್ಟು ಬೇರೆ ಕಾರಣಕ್ಕೆ ಹಳ್ಳಿಯವರೊಬ್ಬರು ಒಮ್ಮೆ ಸರ್ಕಾರಿ ಆಸ್ಪತ್ರೆಗೆ ದಾಖಲಾದರೆ ಸರಾಸರಿ ಸುಮಾರು 4,300 ರೂಪಾಯಿ ಖರ್ಚಾಗುತ್ತಿತ್ತು. ಖಾಸಗಿ ಆಸ್ಪತ್ರೆಗೆ ದಾಖಲಾದರೆ ಸುಮಾರು 27,000. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64 ಇದ್ದದ್ದು 2021–22ರಲ್ಲಿ ಶೇ 39ಕ್ಕೆ ಇಳಿದಿದೆ ಎನ್ನುತ್ತದೆ ಸರ್ಕಾರದ ಲೆಕ್ಕ. ಇಳಿದದ್ದು ಒಳ್ಳೆಯದೇ. ಆದರೆ ಕೂಲಿ ಮಾಡುವ ಮನೆಗೆ ಆ ಉಳಿದ ಪಾಲೇ ಬಲು ಭಾರ.

ಈ ಭಾರದಲ್ಲಿ ಒಂದಷ್ಟನ್ನು ಸರ್ಕಾರ ಮಾತ್ರ ಇಳಿಸಬಲ್ಲದು. ಇನ್ನೊಂದಷ್ಟನ್ನು ವೈದ್ಯರು ಮತ್ತು ರೋಗಿಗಳು ಸೇರಿ ಇಳಿಸಬಹುದು. ಖರ್ಚಿನ ಬಗ್ಗೆ ಮುಂಚೆಯೇ, ಬಾಯಿಬಿಟ್ಟು ಮಾತಾಡಬೇಕು, ಅಷ್ಟೆ. ನನ್ನ ಕ್ಲಿನಿಕ್ಕು ನನಗೆ ಕಲಿಸಿದ ಪಾಠಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

1. ದುಡ್ಡಿನ ವಿಷಯ ಮೊದಲ ದಿನವೇ ಎತ್ತಿ

ರೋಗಿ ತಾನಾಗಿ ದುಡ್ಡಿನ ವಿಷಯ ತೆಗೆಯುವುದಿಲ್ಲ. ಡಾಕ್ಟರ ಮುಂದೆ ಕಷ್ಟ ಹೇಳಿಕೊಳ್ಳಲು ಸಂಕೋಚ. ‘ದುಡ್ಡಿಲ್ಲ ಅಂದ್ರೆ ಸರಿಯಾಗಿ ನೋಡ್ತಾರೋ ಇಲ್ವೋ’ ಎಂಬ ಅಳುಕು ಬೇರೆ. ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗಿ, ‘ಸದ್ಯಕ್ಕೆ ನೂರು ರೂಪಾಯಿಗೆ ಎಷ್ಟು ಬರುತ್ತೋ ಅಷ್ಟು ಕೊಡಿ’ ಅನ್ನುತ್ತಾರೆ. ಮೇಲಿನ ಎರಡು ಸಾಲಿನ ಔಷಧ ಕೈಗೆ ಬರುತ್ತದೆ. ಮುಖ್ಯವಾದ ಮಾತ್ರೆ ನಾಲ್ಕನೆಯ ಸಾಲಿನಲ್ಲಿದ್ದರೆ ಅದು ಮನೆ ತಲುಪುವುದೇ ಇಲ್ಲ.

ಹಾಗಾಗಿ ನಾನೇ ಕೇಳುತ್ತೇನೆ: ‘ಅಮ್ಮ, ಈ ಮಾತ್ರೆ ತಿಂಗಳು ತಿಂಗಳೂ ತಗೋಬೇಕು. ನಿಮ್ಮ ಕೈಲಿ ಎಷ್ಟಾಗುತ್ತೆ ಹೇಳಿ, ಅದಕ್ಕೆ ಹೊಂದಿಸಿ ಬರೀತೀನಿ.’ ಹೀಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮುಖ ಸಡಿಲವಾಗುತ್ತದೆ. ಬಿಡಲೇಬಾರದ ಔಷಧವನ್ನು ಚೀಟಿಯ ಮೊದಲ ಸಾಲಿನಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತೇನೆ. ಡಾಕ್ಟರು ಕೇಳದಿದ್ದರೆ ನೀವೇ ಕೇಳಿ: ‘ಇದರಲ್ಲಿ ಬಿಡಲೇಬಾರದ್ದು ಯಾವುದು?’ ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಿಂದ ಎಷ್ಟೋ ಚೀಟಿಗಳು ಅರ್ಧಕ್ಕೆ ಇಳಿದಿವೆ.

2. ಬಿಪಿ, ಶುಗರ್ ಅಗ್ಗವಾಗಿರುವಾಗಲೇ ಹಿಡಿಯಿರಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡ ಇದೆ. ಎರಡೂ ಶುರುವಿನಲ್ಲಿ ನೋಯುವುದಿಲ್ಲ. ಜನ ನೋವಿಗೆ ಖರ್ಚು ಮಾಡುತ್ತಾರೆ, ನೋಯದ ಕಾಯಿಲೆಗೆ ಕೈ ಬಿಚ್ಚುವುದಿಲ್ಲ.

ಬಿಪಿಗೆ ಆಮ್ಲೊಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್ ದಶಕಗಳಿಂದ ಬಳಕೆಯಲ್ಲಿರುವ, ನಂಬಬಹುದಾದ, ಅಗ್ಗದ ಔಷಧಗಳು. ಜನೌಷಧಿ ಕೇಂದ್ರದಲ್ಲಿ ಒಂದು ಮಾತ್ರೆಗೆ ಒಂದೆರಡು ರೂಪಾಯಿ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಉಚಿತ. ಇಷ್ಟನ್ನು ತಪ್ಪಿಸಿದ ಮನೆಯವರು ಮುಂದೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಓಡಾಡುತ್ತಾರೆ. ಡಯಾಲಿಸಿಸ್ ಪುಕ್ಕಟೆ ಸಿಕ್ಕರೂ ಬಸ್ಸಿನ ಖರ್ಚು, ಜೊತೆಗೆ ಹೋಗುವವರ ಕೂಲಿ, ಇಂಜೆಕ್ಷನ್ನು, ರಕ್ತಪರೀಕ್ಷೆ ಇವೆಲ್ಲ ಸೇರಿ ಮನೆಯನ್ನು ಕರಗಿಸಿಬಿಡುತ್ತವೆ.

ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ಮಾತು: ‘ಬಿಪಿ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ ಸಾರ್.’ ನಾರ್ಮಲ್ ಬಂದದ್ದೇ ಮಾತ್ರೆಯಿಂದ. ವೈದ್ಯರನ್ನು ಕೇಳದೆ ಬಿಡಬಾರದು. ಹಾಗೆಯೇ, ಬಸ್ಸಿಳಿದು ಓಡಿಬಂದವರ ಬಿಪಿ ನೋಡಿ ಒಂದೇ ಸಲಕ್ಕೆ ಮಾತ್ರೆ ಬರೆಯುವುದೂ ಸರಿಯಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿ, ಮಾತಾಡಿಸದೆ ನೋಡಬೇಕು. ಇನ್ನೊಂದು ದಿನ ಮತ್ತೆ ನೋಡಬೇಕು. ಸಕ್ಕರೆ ಕಾಯಿಲೆ ಇದ್ದವರು ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್, ಕಣ್ಣಿನ ಒಳಪದರ, ಪಾದ ಈ ನಾಲ್ಕನ್ನು ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷೆ ಮಾಡಿಸಬೇಕು. ಮಂಡಿನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಮಾತ್ರೆ ಕಿಡ್ನಿಗೆ ದೊಡ್ಡ ಶತ್ರು. ಬಿಪಿ, ಶುಗರ್ ಇರುವವರಂತೂ ಅದನ್ನು ಮುಟ್ಟುವ ಮುಂಚೆ ಕೇಳಲೇಬೇಕು.

3. ಜ್ವರದ ಮೊದಲ ಮೂರು ದಿನ ನೀರು, ವಿಶ್ರಾಂತಿ, ಎಚ್ಚರ

ಜ್ವರ ಬಂದ ಮೊದಲ ದಿನವೇ ಅತಿ ಹೆಚ್ಚು ಹಣ ಪೋಲಾಗುತ್ತದೆ. ಬೆಳಿಗ್ಗೆ ಜ್ವರ, ಮಧ್ಯಾಹ್ನಕ್ಕೆ ಸೂಜಿ, ಸಂಜೆಗೆ ಗ್ಲೂಕೋಸ್ ಬಾಟ್ಲಿ, ಜೊತೆಗೆ ಆ್ಯಂಟಿಬಯೋಟಿಕ್. ವೈರಲ್ ಜ್ವರಕ್ಕೆ ಆ್ಯಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಬಾಯಲ್ಲಿ ನೀರು, ಗಂಜಿ, ಎಳನೀರು ಇಳಿಯುತ್ತಿರುವವರಿಗೆ ಡ್ರಿಪ್ಪಿನ ಅಗತ್ಯವಿಲ್ಲ. ಪ್ಯಾರಾಸಿಟಮಾಲ್ ಸಾಕು.

ಒಂದೇ ಒಂದು ವಿಡಾಲ್ ಪರೀಕ್ಷೆ ನೋಡಿ ‘ಟೈಫಾಯ್ಡ್’ ಎಂದು ತೀರ್ಮಾನಿಸುವ ರೂಢಿಯನ್ನೂ ಬಿಡಬೇಕು. ನಮ್ಮಂಥ ಪ್ರದೇಶದಲ್ಲಿ ಹಿಂದಿನ ಸೋಂಕಿನಿಂದಲೂ ಅದು ಪಾಸಿಟಿವ್ ಬರುತ್ತದೆ. ಅನುಮಾನ ಗಟ್ಟಿಯಾಗಿದ್ದರೆ ಆ್ಯಂಟಿಬಯೋಟಿಕ್ ಶುರು ಮಾಡುವ ಮುಂಚೆ ಬ್ಲಡ್ ಕಲ್ಚರ್ ಮಾಡಿಸುವುದು ಸರಿಯಾದ ದಾರಿ.

ಡೆಂಗಿ ಕಾಲದಲ್ಲಿ ಭಯಕ್ಕೇ ದುಡ್ಡು ಹೋಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಪ್ರಯೋಗಾಲಯಗಳಿಗೆ ಎನ್‌ಎಸ್1 ಪರೀಕ್ಷೆಗೆ 300 ರೂಪಾಯಿ, ಐಜಿಎಂಗೆ 300 ರೂಪಾಯಿ ಎಂದು ದರ ಕಟ್ಟಿತು. ಎನ್‌ಎಸ್1 ಜ್ವರದ ಮೊದಲ ಐದು ದಿನಕ್ಕೆ, ಐಜಿಎಂ ಆಮೇಲಿನ ದಿನಗಳಿಗೆ. ಎರಡನ್ನೂ ಪ್ರತಿದಿನ ಮಾಡಿಸಬೇಕಿಲ್ಲ. ಪ್ಲೇಟ್‌ಲೆಟ್ ಎಣಿಕೆ ಇಳಿದ ಮಾತ್ರಕ್ಕೆ ಪ್ಲೇಟ್‌ಲೆಟ್ ಏರಿಸುವುದಿಲ್ಲ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಹೋದಾಗಲೇ ಅದರ ಯೋಚನೆ.

ಆದರೆ ಹೊಟ್ಟೆಯಲ್ಲಿ ಜೋರು ನೋವು, ನಿಲ್ಲದ ವಾಂತಿ, ವಸಡು-ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ವಿಪರೀತ ಸುಸ್ತು ಕಂಡರೆ ಒಂದು ಗಂಟೆಯೂ ಕಾಯಬೇಡಿ. ಇವು ಜ್ವರ ಬಿಡುವ ಹೊತ್ತಿಗೇ ಕಾಣಿಸಿಕೊಳ್ಳುತ್ತವೆ. ಜ್ವರ ಬಿಟ್ಟಿತೆಂದು ಮೈಮರೆಯುವುದು ಅಪಾಯ. ಹಣ ಉಳಿಸುವುದೂ ತಡಮಾಡುವುದೂ ಒಂದೇ ಅಲ್ಲ. ಇದನ್ನು ನನ್ನ ಎಲ್ಲ ರೋಗಿಗಳಿಗೂ ಒತ್ತಿ ಹೇಳುತ್ತೇನೆ.

4. ಭೇದಿಗೆ ಪೊಟ್ಟಣವೇ ಮೊದಲ ಮದ್ದು

ಓಆರ್‌ಎಸ್ ಪೊಟ್ಟಣದಷ್ಟು ಜೀವ ಉಳಿಸಿದ ಅಗ್ಗದ ಔಷಧ ಇನ್ನೊಂದಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ ಅದು ಪುಕ್ಕಟೆ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಬೇಕು. ಲೋಟಕ್ಕೆ ಒಂದು ಚಿಟಿಕೆ ಹಾಕಿ ಕುಡಿಸಿದರೆ ಲೆಕ್ಕ ತಪ್ಪುತ್ತದೆ. ವಾಂತಿ ಇರುವ ಮಗುವಿಗೆ ಒಂದೊಂದೇ ಚಮಚ, ಬಿಟ್ಟು ಬಿಟ್ಟು ಕುಡಿಸಿ. ಮಕ್ಕಳಿಗೆ 14 ದಿನ ಸತುವಿನ ಮಾತ್ರೆಯೂ ಬೇಕು. ಭೇದಿ ನಿಂತ ಮೇಲೂ ಮುಂದುವರಿಸಬೇಕು. ಎದೆಹಾಲು, ಊಟ ನಿಲ್ಲಿಸಬಾರದು. ಅಂಗಡಿಯಲ್ಲಿ ಓಆರ್‌ಎಸ್ ತರಹ ಕಾಣುವ ಸಿಹಿ ಪಾನೀಯದ ಡಬ್ಬಿಗೆ ದುಡ್ಡು ಕೊಡಬೇಡಿ. ಅದರಲ್ಲಿ ಸಕ್ಕರೆ ಹೆಚ್ಚಿದ್ದು ಭೇದಿ ಇನ್ನೂ ಹೆಚ್ಚಾಗಬಹುದು. ಮಲದಲ್ಲಿ ರಕ್ತ, ಒಳಗಿಳಿದ ಕಣ್ಣು, ಮೂತ್ರ ನಿಂತಿರುವುದು, ಮಗು ಮಂಕಾಗಿರುವುದು ಕಂಡರೆ ಆಸ್ಪತ್ರೆಗೆ ಹೊರಡಿ.

5. ಡಬ್ಬಿಯ ಮೇಲಿನ ಕಂಪನಿಗಿಂತ ಒಳಗಿನ ಔಷಧ ನೋಡಿ

ಒಂದೇ ಔಷಧ ಹತ್ತಾರು ಹೆಸರಿನಲ್ಲಿ ಹತ್ತಾರು ಬೆಲೆಗೆ ಸಿಗುತ್ತದೆ. 2008ರಲ್ಲಿ ಶುರುವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಎಷ್ಟೋ ಔಷಧಗಳು ಹೆಸರಾದ ಕಂಪನಿಗಳ ಬೆಲೆಗಿಂತ ಶೇ 50ರಿಂದ 90ರಷ್ಟು ಕಡಿಮೆ. ಬಿಪಿ, ಶುಗರ್, ಕೊಲೆಸ್ಟರಾಲ್, ಥೈರಾಯ್ಡ್‌ನಂಥ ಬಹುಕಾಲದ ಕಾಯಿಲೆಗೆ ತಿಂಗಳ ಲೆಕ್ಕದಲ್ಲಿ ಈ ವ್ಯತ್ಯಾಸ ದೊಡ್ಡದು. ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವ ಹಾಗೆ, ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ನೀತಿ ಸಂಹಿತೆಯೇ ಹೇಳುತ್ತದೆ. ಬರೆದಿಲ್ಲವೆಂದರೆ ಬರೆದುಕೊಡಿ ಎಂದು ಕೇಳಲು ಹಿಂಜರಿಯಬೇಡಿ.

ಎರಡು ಎಚ್ಚರಿಕೆ. ಅಂಗಡಿ ಬದಲಿಸಿದಾಗ ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಒಮ್ಮೆ ವೈದ್ಯರಿಗೆ ತೋರಿಸಿ. ಬೇರೆ ಬೇರೆ ಹೆಸರಿನ ಒಂದೇ ಮಾತ್ರೆಯನ್ನು ಎರಡು ಸಲ ನುಂಗಿ ತಲೆ ತಿರುಗಿ ಬಿದ್ದು ಬರುವವರು ಇದ್ದಾರೆ. ಇನ್ನೊಂದು: ಅಪಸ್ಮಾರ, ಥೈರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಪದೇ ಪದೇ ಕಂಪನಿ ಬದಲಿಸಬಾರದು. ಒಂದನ್ನು ಹಿಡಿದು ಅದರಲ್ಲೇ ಇರಬೇಕು.

ಸುಸ್ತಿಗೆ ಟಾನಿಕ್ ಕೇಳುವವರಿಗೆ ಹಿಮೋಗ್ಲೋಬಿನ್ ನೋಡಿಸಿ ಅನ್ನುತ್ತೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದೊಳಗಿನ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಅವರಲ್ಲಿ ಬಹಳ ಮಂದಿಗೆ ಬೇಕಾದದ್ದು ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣಾಂಶದ ಮಾತ್ರೆ. ಬಣ್ಣದ ಬಾಟ್ಲಿಯ ಟಾನಿಕ್ ಬೇಡ.

6. ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಕೇಳಿ

‘ಎಲ್ಲಾ ಒಂದ್ಸಲ ಚೆಕ್ ಮಾಡಿಸ್ಬಿಡಿ ಡಾಕ್ಟ್ರೇ’ ಅನ್ನುವವರು ಹೆಚ್ಚಾಗಿದ್ದಾರೆ. ಹತ್ತಾರು ಪರೀಕ್ಷೆಗಳ ಪ್ಯಾಕೇಜಿನಲ್ಲಿ ಎಲ್ಲೋ ಒಂದು ಸಂಖ್ಯೆ ಗೆರೆ ದಾಟಿರುತ್ತದೆ. ಅದರ ಬೆನ್ನು ಹತ್ತಿ ಸ್ಕ್ಯಾನು, ಆಮೇಲೆ ತಜ್ಞರು, ಆಮೇಲೆ ಮತ್ತೊಂದು ಪರೀಕ್ಷೆ. ಸೊಂಟನೋವು ಬಂದ ವಾರದಲ್ಲೇ ಎಂಆರ್‌ಐ ಬೇಡ. ಕಾಲಿನಲ್ಲಿ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರವೋ ತೂಕ ಇಳಿಕೆಯೋ ಜೊತೆಗಿದ್ದರೆ ಮಾತ್ರ ಕೂಡಲೇ ಬೇಕು. ಉಳಿದ ಸೊಂಟನೋವುಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ಓಡಾಟ, ವ್ಯಾಯಾಮದಿಂದಲೇ ತಗ್ಗುತ್ತವೆ.

ಹಳೆಯ ರಿಪೋರ್ಟುಗಳನ್ನು ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿಡಿ. ಮೂರು ತಿಂಗಳ ಹಿಂದಿನ ರಿಪೋರ್ಟು ಮನೆಯಲ್ಲೇ ಉಳಿದದ್ದರಿಂದ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾದ ಪ್ರಸಂಗ ನನ್ನ ಕ್ಲಿನಿಕ್ಕಿನಲ್ಲಿ ವಾರ ವಾರವೂ ಬರುತ್ತದೆ.

7. ಸರ್ಕಾರಿ ಆಸ್ಪತ್ರೆಯೇ ಸರಿಯಾದ ಜಾಗವಾಗಿರುವ ಕಾಯಿಲೆಗಳಿವೆ

ನಾನು ಖಾಸಗಿ ವೈದ್ಯನಾದರೂ ಕೆಲವು ಕಾಯಿಲೆ ಕಂಡ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತೇನೆ.

ಕ್ಷಯ: ಕಫದ ಆಧುನಿಕ ಪರೀಕ್ಷೆಯೂ ಪೂರ್ತಿ ಅವಧಿಯ ಮಾತ್ರೆಗಳೂ ಉಚಿತ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಪಡೆಯುವವರೂ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ ಈ ಹಣ ಸಿಗುತ್ತದೆ.

ನಾಯಿ ಕಡಿತ: ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಲಸಿಕೆಗೆ ಹೋಗಿ. ಚರ್ಮ ಹರಿದು ರಕ್ತ ಬಂದಿದ್ದರೆ ಇಮ್ಯುನೊಗ್ಲೋಬುಲಿನ್ ಇಂಜೆಕ್ಷನ್ನೂ ಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಹಾವು ಕಡಿತ: ಕೊಯ್ಯುವುದು, ಕಟ್ಟುವುದು, ಮಂತ್ರ ಹಾಕಿಸುವುದು ಬಿಟ್ಟು, ವಿಷನಿರೋಧಕ ಇರುವ ತಾಲ್ಲೂಕು ಆಸ್ಪತ್ರೆಗೆ ನೇರ ಹೋಗಿ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ.

ಎದೆನೋವು: ನಮ್ಮ ಕಡೆ ಇದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗುತ್ತಾರೆ. ಎದೆಯಲ್ಲಿ ಹಿಂಡಿದ ಹಾಗಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ ತಕ್ಷಣ ಇಸಿಜಿ ಆಗಬೇಕು. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಕೇಂದ್ರದ ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ಸೀದಾ ಬೆಂಗಳೂರಿಗೆ ಗಾಡಿ ಮಾಡಿಕೊಂಡು ಹೊರಟರೆ ದುಡ್ಡೂ ಹೋಗುತ್ತದೆ, ಹೃದಯದ ಸ್ನಾಯು ಉಳಿಯಬೇಕಾದ ಹೊತ್ತೂ ಹೋಗುತ್ತದೆ. ಮೊದಲ ಇಂಜೆಕ್ಷನ್ ಹತ್ತಿರದಲ್ಲಾಗಲಿ, ಪಯಣ ಆಮೇಲೆ.

8. ಆರೋಗ್ಯವಾಗಿರುವಾಗಲೇ ಕಾರ್ಡು ಮಾಡಿಸಿಡಿ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸರ್ಕಾರ ಭರಿಸುತ್ತದೆ. ಎಪಿಎಲ್‌ನವರಲ್ಲಿ ಬಹಳ ಮಂದಿಗೆ ತಮಗೂ ಪಾಲಿದೆ ಎಂಬುದೇ ತಿಳಿದಿಲ್ಲ.

ಕಾರ್ಡು ಇದ್ದವರೂ ಎಡವುವುದು ಒಂದು ಕಡೆ. ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ರೆಫರಲ್ ಬರೆದುಕೊಡುತ್ತಾರೆ. ಅದನ್ನು ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಇಲ್ಲದೆ ನೇರ ಹೋಗಬಹುದು. ಇದು ಗೊತ್ತಿಲ್ಲದೆ ಸೀದಾ ದೊಡ್ಡಾಸ್ಪತ್ರೆಗೆ ಹೋಗಿ ಅಡ್ವಾನ್ಸ್ ಕಟ್ಟಿದ ಮೇಲೆ ಕಾರ್ಡು ತೆಗೆದು ತೋರಿಸುವವರು ತುಂಬ. ದಾಖಲಾಗುವ ಮುಂಚೆಯೇ, ಯೋಜನೆಯ ನೆರವಿಗೆಂದೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು ಮಾತಾಡಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. ಇದರ ನೋಂದಣಿಗೆ ಗೊತ್ತಾದ ಗಡುವಿರುತ್ತದೆ. ಹಾಲಿನ ಡೇರಿಯಲ್ಲಿ, ಸೊಸೈಟಿಯಲ್ಲಿ ವಿಚಾರಿಸುತ್ತಿರಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಗಾರ್ಮೆಂಟ್ಸ್, ಕಾರ್ಖಾನೆ ಕೆಲಸದವರಿಗೆ ಇಎಸ್‌ಐ ಇರುತ್ತದೆ. ಸಂಬಳದಿಂದ ಹಣ ಕಡಿತವಾಗುತ್ತಿದ್ದರೂ ಆಸ್ಪತ್ರೆ ಬಳಸದವರು ಬಹಳ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಇವತ್ತೇ ಸರಿಪಡಿಸಿಕೊಳ್ಳಿ. ಐಸಿಯು ಬಾಗಿಲಲ್ಲಿ ನಿಂತು ಆ ಕೆಲಸಕ್ಕೆ ಓಡಾಡುವುದೆಂದರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

9. ತುರ್ತಿಲ್ಲದ ಆಪರೇಷನ್‌ಗೆ ಇನ್ನೊಬ್ಬರ ಅಭಿಪ್ರಾಯ ಕೇಳಿ

ಅಪೆಂಡಿಕ್ಸ್ ಒಡೆದರೆ, ಕರುಳು ಸಿಕ್ಕಿಕೊಂಡರೆ ಚರ್ಚೆ ಬೇಡ. ಗರ್ಭಕೋಶ, ಮಂಡಿಚಿಪ್ಪು, ನೋವು ಕೊಡದ ಪಿತ್ತಕೋಶದ ಕಲ್ಲು ಇವಕ್ಕೆ ಯೋಚಿಸಲು ದಿನಗಳಿವೆ.

ನನಗೆ ಹೆಚ್ಚು ಸಂಕಟ ಕೊಡುವುದು ಗರ್ಭಕೋಶದ ಆಪರೇಷನ್. ಬಿಳಿಮುಟ್ಟು, ಸೊಂಟನೋವು ಎಂದು ಹೋದ ಮೂವತ್ತೈದರ ಹೆಣ್ಣುಮಗಳಿಗೆ ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ’ ಎಂದು ಹೆದರಿಸಿರುತ್ತಾರೆ. ಬಿಳಿಮುಟ್ಟು ಹೆಚ್ಚಾಗಿ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಹೆಚ್ಚು ರಕ್ತಸ್ರಾವಕ್ಕೂ ಮಾತ್ರೆ, ಹಾರ್ಮೋನ್ ಇರುವ ವಂಕಿಯಂಥ ದಾರಿಗಳಿವೆ. ಅಂಡಾಶಯವನ್ನೂ ಸೇರಿಸಿ ತೆಗೆದರೆ ಮುಟ್ಟು ನಿಲ್ಲುವ ತೊಂದರೆಗಳು ಎಳೆ ವಯಸ್ಸಿಗೇ ಬರುತ್ತವೆ, ಮೂಳೆ ಬೇಗ ಸವೆಯುತ್ತದೆ. ಜಿಲ್ಲಾಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ಒಮ್ಮೆ ತೋರಿಸಿ ಆಮೇಲೆ ನಿರ್ಧರಿಸಿ ಎಂದು ಬೇಡಿಕೊಳ್ಳುತ್ತೇನೆ.

ಹೆರಿಗೆಯಲ್ಲೂ ಇದೇ ಚಿತ್ರ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 14 ಸಿಸೇರಿಯನ್, ಖಾಸಗಿಯಲ್ಲಿ ಶೇ 47. ತಾಯಿ-ಮಗುವನ್ನು ಉಳಿಸುವ ಸಿಸೇರಿಯನ್ ಬೇಕೇ ಬೇಕು; ಯಾಕೆ ಬೇಕೆಂಬ ಕಾರಣವನ್ನು ಮನೆಯವರಿಗೆ ತಿಳಿಯುವಂತೆ ಹೇಳಬೇಕು.

ಚಿಕಿತ್ಸೆ ಬೇಕೇ ಬೇಕಾದಾಗಲೂ ಬೆಲೆಗೆ ಮಿತಿ ಹಾಕುವುದು ಸಾಧ್ಯ ಎಂಬುದಕ್ಕೆ ಹೃದಯದ ಸ್ಟೆಂಟ್ ಸಾಕ್ಷಿ. 2017ರ ಫೆಬ್ರುವರಿಯಲ್ಲಿ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ ಔಷಧಲೇಪಿತ ಸ್ಟೆಂಟಿಗೆ ಸುಮಾರು 30,000 ರೂಪಾಯಿ ಮಿತಿ ಹಾಕಿತು. ಅದಕ್ಕೆ ಮುಂಚೆ ರೋಗಿಗಳು ಲಕ್ಷ ದಾಟಿ ಕೊಡುತ್ತಿದ್ದದ್ದೂ ಇತ್ತು. ಮಿತಿ ಆಮೇಲೆ ಸ್ವಲ್ಪ ಏರಿದೆ, ಹಳೆಯ ಬೆಲೆ ಮಾತ್ರ ಮರಳಿಲ್ಲ. ಸ್ಟೆಂಟ್ ಹಾಕಿದವರು ಅದರ ಕಂಪನಿ, ಬೆಲೆ ಬೇರೆಯಾಗಿ ನಮೂದಾದ ಬಿಲ್ಲು ಕೇಳಿ ಪಡೆಯಿರಿ.

10. ದಾಖಲಾಗುವ ಮುಂಚೆ ಅಂದಾಜು, ದಾಖಲಾದ ಮೇಲೆ ದಿನದ ಬಿಲ್ಲು

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿಯಾಯಿತು. ದರಪಟ್ಟಿಯನ್ನು ಕಾಣುವಂತೆ ಹಾಕಬೇಕು, ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟುವಂತೆ ಹಟ ಹಿಡಿಯಬಾರದು, ಬಾಕಿ ಇದೆಯೆಂದು ಮೃತದೇಹ ಕೊಡದೆ ಇಟ್ಟುಕೊಳ್ಳಬಾರದು. ಇವೆಲ್ಲ ಅದರಲ್ಲಿವೆ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಆಸ್ಪತ್ರೆಯವರೊಡನೆ ಜಗಳಕ್ಕೆ ಇಳಿಯಬೇಕಿಲ್ಲ. ‘ಅಂದಾಜು ಬರೆದುಕೊಡಿ, ದಿನಾ ಸಂಜೆ ಅವತ್ತಿನ ಬಿಲ್ಲು ತೋರಿಸಿ’ ಎಂದು ಮೆದುವಾಗಿ, ಬಿಡದೆ ಕೇಳಿ. ಮನೆಯವರಲ್ಲಿ ಓದಿದವರೊಬ್ಬರು ಈ ಕೆಲಸ ವಹಿಸಿಕೊಳ್ಳಲಿ.

ಖಾಸಗಿ ವಿಮೆ ಇದ್ದವರು ರೂಮಿನ ಬಾಡಿಗೆಯ ಮಿತಿ ನೋಡಿಕೊಳ್ಳಿ. ಪಾಲಿಸಿಯಲ್ಲಿ ದಿನಕ್ಕೆ 3,000 ಎಂದಿದ್ದು ನೀವು 6,000ದ ರೂಮು ಹಿಡಿದರೆ, ಎಷ್ಟೋ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕದಂಥವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಇರುವ ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ. ಹೇಳಿ ಮಾಡಿಸಿದರೆ ಅದಕ್ಕೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ ಎಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ತೆಗೆದದ್ದು ಮಧ್ಯಮ ವರ್ಗದವರಿಗೆ ಸ್ವಲ್ಪ ನೆರವು.

11. ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮನೆಯಲ್ಲಿ ಮೊದಲೇ ಮಾತಾಡಿ

ಹೇಳಲು ಕಷ್ಟವಾದರೂ ಹೇಳಬೇಕಾದ ಪಾಠ ಇದು. ಹರಡಿದ ಕ್ಯಾನ್ಸರ್ ಇರುವ ಹಿರಿಯರನ್ನು ಕೊನೆಯ ವಾರಗಳಲ್ಲಿ ವೆಂಟಿಲೇಟರ್‌ಗೆ ಹಾಕಿಸಿ ಜಮೀನು ಮಾರಿದ ಮನೆಗಳಿವೆ. ‘ನಾಳೆ ಜನ ಏನಂತಾರೆ’ ಎಂಬುದೇ ಹೆಚ್ಚಿನ ಸಲ ಆ ನಿರ್ಧಾರ ಮಾಡಿಸುತ್ತದೆ. ವಾಸಿಯಾಗದ ಕಾಯಿಲೆಯಲ್ಲೂ ನೋವು, ಉಸಿರಾಟದ ತೊಂದರೆ, ನಿದ್ದೆಗೇಡು ಇವಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅದೇ ಉಪಶಮನ ಆರೈಕೆ. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ರೋಗಿಗಳಿಗೆ ಇದನ್ನು ಉಚಿತವಾಗಿ ಕೊಡುತ್ತ ಬಂದಿದೆ.

ಬರೀ ಯಂತ್ರದ ಮೇಲೆ ಜೀವ ಎಳೆಯುವ ಚಿಕಿತ್ಸೆ ತಮಗೆ ಬೇಡವೆಂದು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ಕ್ರಮ ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದೆ. ಹಿರಿಯರು ಗಟ್ಟಿಯಾಗಿರುವಾಗಲೇ ಅವರ ಇಷ್ಟ ಕೇಳಿ ತಿಳಿದುಕೊಳ್ಳುವುದು ಅವರಿಗೆ ತೋರುವ ಗೌರವ.

12. ವೈದ್ಯರ ಪಾಲು, ಸರ್ಕಾರದ ಪಾಲು

ಕಿರಿಯ ವೈದ್ಯರಿಗೆ ನನ್ನ ಮಾತು ಇಷ್ಟು. ಫೀಸನ್ನು ಬೋರ್ಡಿನಲ್ಲಿ ಬರೆಯಿರಿ. ಮರುಭೇಟಿಯ ನಿಯಮ ಹೇಳಿ. ಬೇಡದ ಸೂಜಿಗೆ, ಡ್ರಿಪ್ಪಿಗೆ ‘ಬೇಡ’ ಅನ್ನಿ. ಕಾರಣ ಬಿಡಿಸಿ ಹೇಳಿದರೆ ಜನ ಒಪ್ಪುತ್ತಾರೆ, ಮುಂದಿನ ಸಲವೂ ನಿಮ್ಮಲ್ಲಿಗೇ ಬರುತ್ತಾರೆ. ಲ್ಯಾಬಿನಿಂದಲೂ ರೆಫರಲ್‌ನಿಂದಲೂ ಬರುವ ಕಮಿಷನ್ ಮುಟ್ಟಬೇಡಿ. ಆ ದುಡ್ಡು ಬರುವುದು ರೋಗಿಯ ಸಾಲದಿಂದ. ಸಿಬ್ಬಂದಿ ಸಂಬಳ, ಬಾಡಿಗೆ, ಕರೆಂಟು ಎಲ್ಲ ತೂಗಿಸಿಕೊಂಡು ಪ್ರಾಮಾಣಿಕವಾಗಿ ನಡೆಯುವ ಸಣ್ಣ ಕ್ಲಿನಿಕ್ಕುಗಳು ಊರೂರಲ್ಲೂ ಇವೆ, ಅವು ಉಳಿಯಬೇಕು.

ಇನ್ನು ಸರ್ಕಾರದ ಪಾಲು. ಆರೋಗ್ಯಕ್ಕೆ ಸರ್ಕಾರಗಳು ಮಾಡುವ ವೆಚ್ಚ 2025ರ ಹೊತ್ತಿಗೆ ಜಿಡಿಪಿಯ ಶೇ 2.5 ಮುಟ್ಟಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಗುರಿ ಇಟ್ಟಿತ್ತು. 2021–22ರಲ್ಲಿ ಅದು ಶೇ 1.84 ಇತ್ತು. ವಿಮೆಯ ಕಾರ್ಡು ದೊಡ್ಡ ಆಪರೇಷನ್‌ಗೆ ನೆರವಾಗುತ್ತದೆ. ದಿನನಿತ್ಯದ ಬಿಪಿ ಮಾತ್ರೆಗೆ, ರಕ್ತಪರೀಕ್ಷೆಗೆ ನೆರವಾಗುವುದಿಲ್ಲ. ಮನೆ ಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ್ದು ಸರಿಯಾದ ಹೆಜ್ಜೆ. ಅಲ್ಲಿ ಪತ್ತೆಯಾದವರಿಗೆ ಹನ್ನೆರಡು ತಿಂಗಳೂ ಮಾತ್ರೆ ತಪ್ಪದೆ ಸಿಕ್ಕಿದರೆ ಮಾತ್ರ ಅದು ಫಲ ಕೊಡುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು, ಔಷಧ, ಪರೀಕ್ಷೆ ಮೂರೂ ಇದ್ದರೆ ಜನ ಖಾಸಗಿಗೆ ಸಾಲ ಮಾಡಿಕೊಂಡು ಬರುವ ಪ್ರಮೇಯವೇ ಕಡಿಮೆಯಾಗುತ್ತದೆ. ನನ್ನ ಕ್ಲಿನಿಕ್ಕಿಗೆ ಬರುವವರ ಸಂಖ್ಯೆ ಆಗ ಇಳಿದರೂ ಅದನ್ನು ನಾನು ಸಂತೋಷದಿಂದ ಬಯಸುತ್ತೇನೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸ ಮಾಡೋಣ. ಮುಂದಿನ ಸಲ ಯಾವ ಡಾಕ್ಟರ ಬಳಿ ಹೋದರೂ ನಾಲ್ಕು ಪ್ರಶ್ನೆ ಕೇಳಿ: ನನಗೆ ಏನಾಗಿದೆ? ಈ ಪರೀಕ್ಷೆ ಯಾಕೆ? ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇದೆಯೇ? ಸ್ವಲ್ಪ ದಿನ ಕಾದರೆ ಏನಾಗುತ್ತದೆ? ಕೇಳುವುದು ನಿಮ್ಮ ಹಕ್ಕು. ತಾಳ್ಮೆಯಿಂದ ಉತ್ತರ ಹೇಳುವುದು ನಮ್ಮ ಕೆಲಸ. ಚೀಟಿ ಬರೆಯುವುದರಷ್ಟೇ ಮುಖ್ಯವಾದ ಕೆಲಸ.